ಲಿವರ್ ಬ್ಯಾನಿ: ಅಪ್ಪಗ ಔಷಧ ಪ್ರಯೋಗದಾಗ ಸೇರಿಸ್ಬೇಕೋ ಬ್ಯಾಡೋ?

ಫರ್ಸಿಕಲ್ಲು (ಶಹಾಬಾದ)

ಶರಣ್ರಿ ಎಲ್ಲಾರಿಗೂ. ನಮ್ಮಪ್ಪಗ 63 ವರ್ಷ. ಫರ್ಸಿ ಖಣ್ಯಾಗ ಮೂವತ್ತು ವರ್ಷ ಗುಮಾಸ್ತ ಆಗಿದ್ರು. ಎಷ್ಟು ಲಾರಿ ಹೋತು, ಎಷ್ಟು ಫೂಟ್ ಕಲ್ಲು ಹೋತು ಅಂತ ಖಾತೆ ಬರಿಯೋ ಕೆಲಸ. ಹದಿನೈದು ವರ್ಷದಿಂದ ಸಕ್ಕರಿ ಬ್ಯಾನಿ ಅದ. ದೀಪಾವಳಿ ಆದಮ್ಯಾಲ ಹೊಟ್ಟಿ ಉಬ್ಬಲಕ್ಕ ಸುರು ಆತು, ಕಾಲು ಬಾತ್ವು. ನಾವು ಗ್ಯಾಸ್ ಅಂತ ತಿಳಿದು ಒಂದು ತಿಂಗಳ ಸೋಡಾ ಕುಡಿಸಿದಿವಿ. ಆಮ್ಯಾಲ ಕಲಬುರಗ್ಯಾಗ ಸ್ಕ್ಯಾನ್ ಮಾಡಿಸಿದ್ರ ಹೊಟ್ಟ್ಯಾಗ ನೀರು, ಲಿವರ್ ಕುಗ್ಗ್ಯಾದ, ಸಿರೋಸಿಸ್ ಅಂದ್ರು. ಅಪ್ಪ ಜೀವಮಾನದಾಗ ಒಂದು ಹನಿ ಸೆರೆ ಮುಟ್ಟಿಲ್ಲ. ಆದ್ರ ಊರಾಗ ಎಲ್ಲಾರೂ ಕೇಳೋದು ಒಂದೇ ಮಾತು: "ಮುದುಕ ಕದ್ದು ಕುಡೀತಿದ್ನೇನು?"

ಹೈದರಾಬಾದಿನ ಒಂದು ದೊಡ್ಡ ದವಾಖಾನಿಗಿ ಹೋಗಿದ್ದಿವಿ. ನೀರು ತೆಗೆದ್ರು, ಗುಳಿಗಿ ಬರದ್ರು. ಹೊರಡೋ ಮುಂದ ಒಬ್ಬ ಡಾಕ್ಟರು ಕೂಡ್ಸಿ, ಒಂದು ಔಷಧ ಪ್ರಯೋಗ ನಡದದ, ನಿಮ್ಮಪ್ಪ ಸೇರಬಹುದು ಅಂದ್ರು. ಈಗಿನ ಔಷಧ ಎಲ್ಲಾ ಚಾಲೂ ಇರ್ತಾವ, ಅದರ ಮ್ಯಾಲ ಒಂದು ಗುಳಿಗಿ ಜಾಸ್ತಿ. ಅರ್ಧ ಮಂದಿಗಿ ಖರೇ ಗುಳಿಗಿ, ಅರ್ಧ ಮಂದಿಗಿ ಹುಸಿ ಗುಳಿಗಿ. ಯಾರಿಗಿ ಯಾವ್ದು ಅಂತ ಡಾಕ್ಟರಿಗೂ ಗೊತ್ತಿರಂಗಿಲ್ಲಂತ.

24 ಪುಟದ ಕಾಗದ ಕೊಟ್ಟಾರ. ಕನ್ನಡದಾಗೇ ಅದ, ಆದ್ರ "ಭಾಗಿದಾರನನ್ನು ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಅಂತೆಲ್ಲ ಅದ. ಅಪ್ಪ ಚಷ್ಮಾ ಹಾಕ್ಕೊಂಡು ಮೂರು ಪುಟ ಓದಿ, "ಇದು ಯಾವ ಮಠದ ಭಾಷಾನೋ ತಮ್ಮಾ" ಅಂತ ಬಾಜೂಕ ಇಟ್ರು. ಮುಂದಿನ ಸೋಮವಾರದ ಒಳಗ ಹೇಳ್ಬೇಕು. ಯಾರಾದ್ರೂ ಹಿಂಗ ಸೇರಿದವ್ರು ಇದ್ದೀರೇನು?

ವಾಡಿ ಜಂಕ್ಷನ್

ಬ್ಯಾಡ್ರಿ. ನಮ್ಮ ಭಾಗದ ಮಂದಿ ಅಂದ್ರ ಈ ಪ್ರಯೋಗ ಮಾಡವ್ರಿಗಿ ಇಲಿ ಇದ್ದಂಗ. ಮರೆತೀರೇನು, 2009-10ರಾಗ ಖಮ್ಮಂ ಜಿಲ್ಲಾದಾಗ ಗರ್ಭಕಂಠದ ಕ್ಯಾನ್ಸರಿನ ಲಸಿಕಿ ಅಂತ ಹಾಸ್ಟೆಲ್ ಹುಡಿಗ್ಯಾರಿಗಿ ಚುಚ್ಚಿದ್ರು. ಒಪ್ಪಿಗಿ ಕಾಗದಕ್ಕ ತಂದಿ-ತಾಯಿ ಬದಲಿ ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ರು. 2010ರ ಏಪ್ರಿಲ್‌ನಾಗ ಸರಕಾರನೇ ನಿಲ್ಲಿಸ್ತು, 2013ರಾಗ ಸಂಸತ್ತಿನ ಸಮಿತಿ ಉಗಿದು ವರದಿ ಕೊಟ್ತು. ಖಮ್ಮಂ ಏನು ಅಮೆರಿಕಾದಾಗ ಅದ ಏನ್ರಿ? ಪಕ್ಕದ ರಾಜ್ಯ.

ತೊಗರಿ ಕಣಜ

ಸಿರೋಸಿಸ್ ಗಿರೋಸಿಸ್ ಅಂತ ಹೆದ್ರಬ್ಯಾಡ್ರಿ. ಚಿಂಚೋಳಿ ಕಡಿ ಒಬ್ಬ ಅಜ್ಜ ಕಾಮಣಿ ಔಷಧ ಕೊಡ್ತಾನ. ನೆಲನೆಲ್ಲಿ ಅರದು ಮಜ್ಜಗ್ಯಾಗ ಮೂರು ದಿನ. ನಮ್ಮಕ್ಕನ ಮಗಗ ಕಣ್ಣು ಅರಿಶಿಣ ಅರಿಶಿಣ ಆಗಿತ್ತು, ಮೂರು ವಾರದಾಗ ಸಾಫ್. ಬಿಲ್ಲು ನೂರಾ ಒಂದು ರೂಪಾಯಿ, ಒಂದು ಟೆಂಗಿನಕಾಯಿ. ನಂಬರ್ ಹಾಕಲೇನು?

ಮೇಲ್ವಿಚಾರಕ

ನಂಬರ್ ಹಾಕಿದ್ರಿ, ತೆಗೆದೀನಿ. ಔಷಧ ಕೊಡುವವರ ಫೋನ್ ನಂಬರ್ ಇಲ್ಲಿ ಹಂಚುವಂತಿಲ್ಲ. ಅಲೋಪಥಿಯವರದೂ ಅಷ್ಟೇ.

ಪಿಜಿ ಕೋಣೆ

ನಾನು ಕಲಬುರಗಿಯಲ್ಲಿ ಮೆಡಿಸಿನ್ ಎಂಡಿ ಎರಡನೇ ವರ್ಷ ಓದುತ್ತಿದ್ದೇನೆ. ಊರು ತುಮಕೂರು ಕಡೆ, ಹಾಗಾಗಿ ಭಾಷೆ ಸ್ವಲ್ಪ ಬೇರೆ, ಕ್ಷಮಿಸಿ. ನಿಮ್ಮ ತಂದೆಯವರ ಫೈಲು ನೋಡದೆ ಸಲಹೆ ಕೊಡುವುದಿಲ್ಲ. ಆದರೆ ಮೇಲೆ ಬಂದ ಎರಡು ಮಾತಿಗೆ ಉತ್ತರ ಹೇಳಲೇಬೇಕು.

ಮೊದಲನೆಯದು ಕುಡಿತದ ಮಾತು. ಸಕ್ಕರೆ ಕಾಯಿಲೆ, ಬೊಜ್ಜು ಇರುವವರ ಲಿವರ್‌ನಲ್ಲಿ ಕೊಬ್ಬು ಕೂತು, ವರ್ಷಗಟ್ಟಲೆ ಸದ್ದಿಲ್ಲದೆ ಉರಿದು, ಕೊನೆಗೆ ಕಲೆಗಟ್ಟಿ ಸಿರೋಸಿಸ್ ಆಗುತ್ತದೆ. ನಮ್ಮ ವಾರ್ಡಿನಲ್ಲಿ ಇಂಥವರು ಬಂದಾಗ ಜೊತೆಗೆ ಬಂದವರು ಮೊದಲು ಪಿಸುಗುಡುವುದೇ "ಸರ್, ಇವ್ರು ಕುಡಿಯಂಗಿಲ್ರಿ" ಎಂದು. ತಪ್ಪು ಮಾಡಿದವರ ಹಾಗೆ ಹೇಳುತ್ತಾರೆ. ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಸಕ್ಕರೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿದೆ. ಊರಿನ ಬಾಯಿಗೆ ಆ ಸುತ್ತೋಲೆ ತಲುಪಿಲ್ಲ, ಅಷ್ಟೆ.

ಎರಡನೆಯದು ಕಾಮಣಿ ಔಷಧ. ತೊಗರಿ ಕಣಜ ಅವರೇ, ನಿಮ್ಮ ಅಕ್ಕನ ಮಗನಿಗೆ ಬಂದದ್ದು ಬಹುಶಃ ಹೆಪಟೈಟಿಸ್ ಎ ಅಥವಾ ಇ ಎಂಬ ಲಿವರ್ ಸೋಂಕು. ನೀರಿನಿಂದ ಬರುವಂಥದ್ದು. ಹೆಚ್ಚಿನವರಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಮಜ್ಜಿಗೆ ಕುಡಿದರೂ ಕುಡಿಯದಿದ್ದರೂ. (ಬಸುರಿಯರಲ್ಲಿ ಮಾತ್ರ ಇ ಜೀವಕ್ಕೇ ಕುತ್ತು, ಅವರನ್ನು ಯಾವ ಅಜ್ಜನ ಹತ್ತಿರವೂ ಒಯ್ಯಬೇಡಿ.) ಅಜ್ಜನ ಹತ್ತಿರ ಹೋಗದೆ ಮನೆಯಲ್ಲೇ ಇದ್ದ ನೂರು ಮಕ್ಕಳಲ್ಲಿ ಎಷ್ಟು ಮಂದಿ ವಾಸಿಯಾದರು? ಅದನ್ನು ಯಾರೂ ಎಣಿಸಿಲ್ಲ. ಅಜ್ಜನ ಔಷಧ ಕುಡಿದೂ ಸತ್ತವರು ತೆಂಗಿನಕಾಯಿ ಹಿಡಿದು ವಾಪಸ್ ಬಂದು ಹೇಳುವುದಿಲ್ಲವಲ್ಲ.

ನೆಲನೆಲ್ಲಿಯನ್ನು ವಿಜ್ಞಾನಿಗಳು ತಿರಸ್ಕಾರದಿಂದ ಬದಿಗಿಟ್ಟರು ಎಂದುಕೊಳ್ಳಬೇಡಿ. ಗಂಭೀರವಾಗಿ ಪರೀಕ್ಷಿಸಿದ್ದಾರೆ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಅವರ ತಂಡ, ಜೊತೆಗೆ ಹೆಪಟೈಟಿಸ್ ಬಿ ವೈರಸ್ಸಿನ ಪತ್ತೆಗಾಗಿ 1976ರ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಸೇರಿ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು: ಬಿ ವೈರಸ್ ಹೊತ್ತವರಿಗೆ 30 ದಿನ ನೆಲನೆಲ್ಲಿ ಕೊಟ್ಟಾಗ 37ರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು, ಹುಸಿ ಔಷಧ ಕುಡಿದ 23ರಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡಿತು. 1990ರಲ್ಲಿ ಥಾಯ್ಲೆಂಡಿನವರು ಅದನ್ನೇ ಮಾಡಿ ನೋಡಿದರು, ಗುರುತು ಹೋಗಲಿಲ್ಲ. ಆಮೇಲಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗಲೂ ನಂಬುವಂಥ ಪುರಾವೆ ಸಿಗಲಿಲ್ಲ. ನಮ್ಮದೇ ಗಿಡ, ನಮ್ಮದೇ ತಂಡ. ನನಗೂ ಅದು ಗೆಲ್ಲಬೇಕಿತ್ತು ಅನ್ನಿಸುತ್ತದೆ. ಗೆಲ್ಲಲಿಲ್ಲ.

ತೊಗರಿ ಕಣಜ

ನೀವು ಓದಿದವ್ರು, ಅಂಕಿ ಹೇಳ್ತೀರಿ. ನಮ್ಮ ಹಿರೇರು ಸಾವಿರ ವರ್ಷದಿಂದ ನೋಡ್ಯಾರ. ಹೋಗ್ಲಿ, ಅಮೃತಬಳ್ಳಿ ಆದ್ರೂ ಕುಡಿಸ್ರಿ, ಅದರಾಗ ಏನೂ ತ್ರಾಸ ಇಲ್ಲ. ಕೊರೊನಾ ಟೈಮಿನಾಗ ನಮ್ಮ ಮನಿ ಮಂದಿ ಎಲ್ಲಾರೂ ಕುಡದಿವಿ.

ಪಿಜಿ ಕೋಣೆ

ಅದನ್ನು ಮಾತ್ರ ದಯವಿಟ್ಟು ಬೇಡ, ಅದೂ ಸಿರೋಸಿಸ್ ಇರುವವರಿಗೆ. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈಯಲ್ಲಿ ಅಮೃತಬಳ್ಳಿ ಕಷಾಯ ಕುಡಿದ 6 ಮಂದಿ ಕಾಮಾಲೆಯಾಗಿ ಬಂದದ್ದನ್ನು ಅಲ್ಲಿನ ವೈದ್ಯರು ಬರೆದರು. ಆಯುಷ್ ಸಚಿವಾಲಯ ತಕರಾರು ತೆಗೆಯಿತು: ಅವರು ಕುಡಿದದ್ದು ಅದೇ ಜಾತಿಯ ಬೇರೆ ಬಳ್ಳಿ ಇರಬಹುದು, ಗಿಡವನ್ನೇ ಪರೀಕ್ಷಿಸಿಲ್ಲ ಎಂದು. ತಕರಾರಿನಲ್ಲಿ ಹುರುಳಿತ್ತು. ಆಮೇಲೆ ದೇಶದ 13 ಆಸ್ಪತ್ರೆಗಳು ಸೇರಿ 43 ಮಂದಿಯ ವಿವರ ಪ್ರಕಟಿಸಿದವು. ಒಳಗೊಳಗೇ ಲಿವರ್ ತೊಂದರೆ ಇದ್ದವರಿಗೆ ಪೆಟ್ಟು ಜೋರಾಗಿ ಬಿದ್ದಿತ್ತು. ನಿಮ್ಮ ಮನೆಯಲ್ಲಿ ಎಲ್ಲರೂ ಕುಡಿದು ಚೆನ್ನಾಗಿದ್ದೀರಿ, ಸಂತೋಷ. ಸಾವಿರದಲ್ಲಿ ಒಬ್ಬರಿಗೆ ಬಡಿಯುವಂಥದ್ದು ಒಂದೇ ಮನೆಯಲ್ಲಿ ಕಾಣುವುದಿಲ್ಲ.

ಬಿದ್ರಿ ಹೂಜಿ

ನಾ ಬೀದರದಾಕಿ. ಆರು ವರ್ಷದಿಂದ ಹೈದರಾಬಾದಿನಾಗ ಇಂಥ ಪ್ರಯೋಗಗಳ ಕೋ-ಆರ್ಡಿನೇಟರ್ ಕೆಲಸ ಮಾಡ್ತೀನಿ. ನಮ್ಮ ದವಾಖಾನಿ ಯಾವ್ದು ಅಂತ ಹೇಳಂಗಿಲ್ಲ. ಮೊದ್ಲೇ ಹೇಳಿಬಿಡ್ತೀನಿ, ನನ್ನ ಪಗಾರ ಇದರಿಂದೇ ಬರ್ತದ. ಅದನ್ನ ತಲ್ಯಾಗ ಇಟ್ಕೊಂಡೇ ಓದ್ರಿ.

ವಾಡಿ ಅಣ್ಣಾರ ಸಿಟ್ಟು ಸುಳ್ಳಲ್ಲ. ಖಮ್ಮಂ ಆದಮ್ಯಾಲೇ ಸುಪ್ರೀಂ ಕೋರ್ಟ್ ತನ ಹೋಗಿ ಕಾಯ್ದೆ ಬಿಗಿ ಆದದ್ದು. ಈಗ 2019ರ ನಿಯಮ ಅದ. ಅದರ ಪ್ರಕಾರ, ಪ್ರಯೋಗಕ್ಕ ಒಪ್ಪಿಗಿ ಕೊಡೋ ನೈತಿಕ ಸಮಿತ್ಯಾಗ ಕಮ್ಮಿ ಅಂದ್ರ ಏಳು ಮಂದಿ ಇರ್ಬೇಕು, ಅರ್ಧ ಮಂದಿ ಆ ದವಾಖಾನಿಗಿ ಸಂಬಂಧ ಇಲ್ಲದವ್ರು. ಕಾಯ್ದೆ ತಿಳಿದವ್ರು ಒಬ್ರು, ವೈದ್ಯಕೀಯ ಗೊತ್ತಿಲ್ಲದ ಸಾದಾ ಮನಷ್ಯಾ ಒಬ್ಬ ಇರಲೇಬೇಕು. ಪ್ರಯೋಗದಿಂದ ಏನರೆ ಪೆಟ್ಟಾದ್ರ ಚಿಕಿತ್ಸಾ ಪುಕ್ಕಟ, ಜೀವಕ್ಕ ಅಥವಾ ಅಂಗಕ್ಕ ಧಕ್ಕಿ ಆದ್ರ ಪರಿಹಾರ.

ಕಾಗದದಾಗ ಇಷ್ಟು ನೋಡ್ರಿ. ಸಿಟಿಆರ್‌ಐ ಅಂತ ಸುರು ಆಗೋ ಒಂದು ನಂಬರ್ ಅದ ಏನು? ಅದು ದೇಶದ ಪ್ರಯೋಗಗಳ ನೋಂದಣಿ. 2009ರ ಜೂನ್‌ದಿಂದ ಕಡ್ಡಾಯ. ಆ ನಂಬರ್ ಜಾಲತಾಣದಾಗ ಹಾಕಿದ್ರ ಯಾರು ರೊಕ್ಕ ಹಾಕ್ಯಾರ, ಎಷ್ಟು ಮಂದಿ ಬೇಕು, ಯಾವ್ಯಾವ ಊರಾಗ ನಡದದ, ಏನನ್ನ ಅಳೀತಾರ ಎಲ್ಲಾ ಬರ್ತದ. ನಂಬರ್ ಇಲ್ಲಂದ್ರ ಅಲ್ಲಿಂದ ಎದ್ದು ಬರ್ರಿ. ಕಡೀ ಪುಟದಾಗ ನೈತಿಕ ಸಮಿತಿದು ಫೋನ್ ಇರ್ತದ, ಡಾಕ್ಟರದಲ್ಲ, ಸಮಿತಿದು. ಸಹಿ ಹಾಕಿದ ಕಾಗದದ ಒಂದು ಪ್ರತಿ ನಿಮ್ಮ ಕೈಗಿ ಬರಲೇಬೇಕು. ಯಾವಾಗ ಬೇಕಾದ್ರೂ, ಕಾರಣ ಹೇಳ್ದೇನೇ ಬಿಡಬಹುದು. ಬಿಟ್ರ ಮಾಮೂಲಿ ಚಿಕಿತ್ಸಾ ನಿಲ್ಲಂಗಿಲ್ಲ.

ಇನ್ನ ಆ ಭಾಷಾ. ಅಯ್ಯೋ, ಅದು ನಮ್ಮ ಎದಿ ಮ್ಯಾಲಿನ ಕಲ್ಲು. ಇಂಗ್ಲಿಷ್‌ನಿಂದ ಅನುವಾದ ಮಾಡವ್ರು ಬೆಂಗಳೂರಾಗೋ ಎಲ್ಲೋ ಕುಂತಿರ್ತಾರ, ಒಂದಕ್ಷರ ಬದಲಿ ಮಾಡ್ಬೇಕಂದ್ರ ಮತ್ತ ಸಮಿತಿ ಮುಂದ ಹೋಗ್ಬೇಕು. ನಾ ಏನ್ ಮಾಡ್ತೀನಂದ್ರ, ಕಾಗದ ಬಾಜೂಕ ಇಟ್ಟು ಬಾಯಿಲೇ ಹೇಳ್ತೀನಿ. ಯಾದೃಚ್ಛಿಕ ಅಂದ್ರ ಚೀಟಿ ಎತ್ತೋದು. ಪಂಚಾಯತಿ ಚುನಾವಣ್ಯಾಗ ಇಬ್ಬರಿಗೂ ಸಮ ಓಟು ಬಿದ್ರ ಚೀಟಿ ಎತ್ತತಾರಲ್ಲ, ಹಂಗ. ಈ ಸಲ ಚೀಟಿ ಎತ್ತಾಂವ ಕಂಪ್ಯೂಟರ್, ನಮ್ಮ ಯಾರ ಕೈಯೂ ಇಲ್ಲ. ಹೇಳಿ ಮುಗಿಸಿದ ಮ್ಯಾಲ ನಾ ಉಲ್ಟಾ ಕೇಳ್ತೀನಿ: ಈಗ ನೀವು ನನಗ ಹೇಳ್ರಿ, ಏನು ತಿಳೀತು? ಹತ್ತಾಗ ನಾಲ್ಕು ಮಂದಿ "ನೀವು ಹೇಳಿದ್ದು ಖರೇನೇ ಇರ್ತದ ಬಿಡ್ರಿ ಮೇಡಂ" ಅಂತಾರ. ಅವರಿಗಿ ಅವತ್ತು ಸಹಿ ಹಾಕ್ಸಂಗಿಲ್ಲ. ಮನಿಗಿ ಹೋಗಿ ಬರ್ರಿ ಅಂತೀನಿ.

ವಾಡಿ ಜಂಕ್ಷನ್

ಅಕ್ಕಾ, ನೀವು ಛಲೋ ಮಾಡ್ತೀರಿ, ಒಪ್ಪಿದೆ. ಎಲ್ಲಾರೂ ಹಂಗ ಮಾಡ್ತಾರೇನು? ಮತ್ತ ಹುಸಿ ಗುಳಿಗಿ ಅಂದ್ರೇನು? ಬ್ಯಾನಿ ಇದ್ದಾಂವಗ ಸಕ್ಕರಿ ಗುಳಿಗಿ ಕೊಟ್ಟು ಕುಂದ್ರಸೋದು ಮೋಸ ಅಲ್ಲೇನು?

ಪಿಜಿ ಕೋಣೆ

ಸರಿಯಾದ ಪ್ರಶ್ನೆ. ಇದಕ್ಕೆ ಉದ್ದ ಉತ್ತರ ಬೇಕು, ನೈಟ್ ಡ್ಯೂಟಿ ಇದೆ, ನಡುನಡುವೆ ಎದ್ದು ಹೋದರೆ ಬೇಸರ ಬೇಡ.

ಇಲ್ಲಿ ಯಾರ ಔಷಧವನ್ನೂ ಕಿತ್ತುಕೊಳ್ಳುತ್ತಿಲ್ಲ. ಮಾಮೂಲಿ ಔಷಧ ಎರಡೂ ಗುಂಪಿಗೆ ಇದೆ. ಹೆಚ್ಚಿನ ಗುಳಿಗೆಯಿಂದ ಲಾಭವೋ ನಷ್ಟವೋ ಗೊತ್ತಿಲ್ಲದಿರುವಾಗ ಮಾತ್ರ ಹೀಗೆ ಮಾಡಬಹುದು. ಗೊತ್ತಿದ್ದೂ ಮಾಡಿದರೆ ಅದು ಮೋಸವೇ. ಆದರೆ "ಗೊತ್ತಿದೆ" ಎಂದು ನಾವು ಅಂದುಕೊಂಡದ್ದು ಎಷ್ಟು ಸಲ ಉಲ್ಟಾ ಹೊಡೆದಿದೆ ನೋಡಿ.

ಮೊನ್ನೆ ರಾತ್ರಿ ಸೇಡಂ ಕಡೆಯಿಂದ ಒಬ್ಬರು ರಕ್ತ ಕಾರಿಕೊಂಡು ಬಂದರು. ಸಿರೋಸಿಸ್‌ನಲ್ಲಿ ಅನ್ನನಾಳದ ರಕ್ತನಾಳ ಉಬ್ಬಿ ಒಡೆಯುತ್ತದೆ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಪ್ಪು ಗಡ್ಡೆ ತಂದಿದ್ದರು, ತೋರಿಸಬೇಕಲ್ಲ ಎಂದು. ಹಿಮೋಗ್ಲೋಬಿನ್ 7.6. ಎಂಡೋಸ್ಕೋಪಿ ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆವು, ನಿಂತಿತು. ಹೊರಗೆ ಎಂಟು ಜನ ತಮ್ಮಂದಿರು, ಅಳಿಯಂದಿರು ತೋಳು ಮಡಿಚಿಕೊಂಡು ನಿಂತಿದ್ದಾರೆ, "ನಾಕು ಬಾಟ್ಲಿ ರಕ್ತ ಕೊಡ್ತೀವ್ರಿ, ಏರಸ್ರಿ" ಎಂದು. ಬೇಡ ಅಂದೆ. ಅವರ ಕಣ್ಣಿಗೆ ನಾನು ರಾಕ್ಷಸ.

ಬೇಡ ಅಂದದ್ದು ನನ್ನ ಜಾಣತನವಲ್ಲ. ಬಾರ್ಸಿಲೋನಾದಲ್ಲಿ ಅನ್ನನಾಳ, ಜಠರದ ಕಡೆಯಿಂದ ರಕ್ತಸ್ರಾವವಾದ 921 ಮಂದಿಯನ್ನು (ಸಿರೋಸಿಸ್ ಇದ್ದವರೂ ಇಲ್ಲದವರೂ ಸೇರಿ) ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಿಮೋಗ್ಲೋಬಿನ್ 9ಕ್ಕಿಂತ ಇಳಿದರೆ ರಕ್ತ, ಇನ್ನೊಂದಕ್ಕೆ 7ಕ್ಕಿಂತ ಇಳಿದರೆ ಮಾತ್ರ. ಕಡಿಮೆ ರಕ್ತ ಕೊಟ್ಟವರಲ್ಲಿ ಆರು ವಾರದ ನಂತರ 95% ಬದುಕಿದ್ದರು, ಧಾರಾಳವಾಗಿ ಕೊಟ್ಟವರಲ್ಲಿ 91%. 2013ರಲ್ಲಿ ಪ್ರಕಟವಾಯಿತು. ರಕ್ತ ಏರಿಸಿದಷ್ಟೂ ಲಿವರ್‌ಗೆ ಹೋಗುವ ನಾಳದ ಒತ್ತಡ ಏರುತ್ತದೆ, ನಿಂತ ರಕ್ತ ಮತ್ತೆ ಚಿಮ್ಮುತ್ತದೆ. (ಧಾರಾಕಾರ ಸುರಿಯುತ್ತಿರುವವರನ್ನು ಆ ಪ್ರಯೋಗದಲ್ಲಿ ಸೇರಿಸಿರಲಿಲ್ಲ. ಅವರಿಗೆ ಏರಿಸಲೇಬೇಕು.) ಅದಕ್ಕೆ ಮುಂಚೆ ರಕ್ತ ಏರಿಸುವುದೇ ದಯೆ ಎಂದು ಬಹಳ ವೈದ್ಯರು ನಂಬಿದ್ದರು.

ಇನ್ನೊಂದು, ಟ್ರಾನೆಕ್ಸಾಮಿಕ್ ಆಸಿಡ್. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಇಂಜೆಕ್ಷನ್. ರಕ್ತ ಕಾರಿದವರಿಗೆಲ್ಲ ಕೈಗೆ ಬಂದಂತೆ ಕೊಡುತ್ತಿದ್ದೆವು. ಹದಿನೈದು ದೇಶಗಳ 12,009 ರೋಗಿಗಳ ಮೇಲೆ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾದಾಗ ಗೊತ್ತಾಯಿತು: ಐದು ದಿನದೊಳಗೆ ರಕ್ತಸ್ರಾವದಿಂದ ಸತ್ತವರು ಎರಡೂ ಗುಂಪಿನಲ್ಲಿ ಸುಮಾರು 4%, ಏನೂ ವ್ಯತ್ಯಾಸವಿಲ್ಲ. ಬದಲಿಗೆ ಕಾಲಿನ, ಶ್ವಾಸಕೋಶದ ನಾಳಗಳಲ್ಲಿ ಹೆಪ್ಪು ಕಟ್ಟುವುದು, ಫಿಟ್ಸ್ ಸ್ವಲ್ಪ ಹೆಚ್ಚು. ಹುಸಿ ಔಷಧದ ಗುಂಪು ಇರದಿದ್ದರೆ ಇದು ಎಂದೂ ಕಾಣುತ್ತಿರಲಿಲ್ಲ. ವಾಡಿಯವರೇ, ಆ ಪ್ರಯೋಗದಲ್ಲಿ ಹುಸಿ ಔಷಧ ಸಿಕ್ಕವರೇ ಅದೃಷ್ಟವಂತರು.

ಸುರಪುರ ಮಾಸ್ತರ

ಚೆನ್ನಾಗಿ ಹೇಳಿದಿರಿ. ಆದರೆ ಈ ದೊಡ್ಡ ಪ್ರಯೋಗಗಳೆಲ್ಲ ಸ್ಪೇನು, ಇಂಗ್ಲೆಂಡು. ನಮ್ಮ ಯಾದಗಿರಿ ಜಿಲ್ಲೆಯ ಜೋಳದ ರೊಟ್ಟಿ ತಿಂದು, ಬಿಸಿಲಲ್ಲಿ ದುಡಿದ ಮೈಗೆ ಅದೇ ಲೆಕ್ಕ ನಡೆಯುತ್ತದೆಯೇ?

ಪಿಜಿ ಕೋಣೆ

ಕೆಲವೊಮ್ಮೆ ನಡೆಯುವುದಿಲ್ಲ, ಮಾಸ್ತರೇ. ದೆಹಲಿಯಲ್ಲಿ 2012ರಲ್ಲಿ 47 ರೋಗಿಗಳ ಒಂದು ಪ್ರಯೋಗ ಪ್ರಕಟವಾಯಿತು. ಸಿರೋಸಿಸ್ ಇದ್ದು ದಿಢೀರನೆ ಲಿವರ್ ಕುಸಿದವರಿಗೆ, ಬಿಳಿರಕ್ತಕಣ ಹೆಚ್ಚಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟಾಗ ಬದುಕುಳಿದವರು ದುಪ್ಪಟ್ಟಿಗಿಂತ ಹೆಚ್ಚು. ಇಲ್ಲಿ ಎಲ್ಲರಿಗೂ ಆಸೆ ಹುಟ್ಟಿತು. ಜರ್ಮನಿಯಲ್ಲಿ 176 ಮಂದಿಯ ಮೇಲೆ ಮಾಡಿದರು, ಲಾಭವೇ ಕಾಣದೆ ನಡುವೆಯೇ ನಿಲ್ಲಿಸಿದರು, 2021ರಲ್ಲಿ ಪ್ರಕಟಿಸಿದರು. ಮೊದಲಿನದು ಸಣ್ಣದಾಗಿದ್ದರಿಂದ ಹಾಗೆ ಕಂಡಿತೋ, ಅಲ್ಲಿನ ರೋಗಿಗಳೇ ಬೇರೆಯೋ ಎಂದು ಇನ್ನೂ ಜಗಳ ನಡೆದಿದೆ. ಆ ಜಗಳ ತೀರಬೇಕಾದರೆ ನಮ್ಮ ಕಡೆಯವರೇ ದೊಡ್ಡ ಸಂಖ್ಯೆಯಲ್ಲಿ ಎಣಿಕೆಗೆ ಸಿಗಬೇಕು.

ಸಿಗುವುದಿಲ್ಲ, ಅದೇ ನನ್ನ ಗೋಳು. ನನ್ನ ಥೀಸಿಸ್ಸೂ ಸಿರೋಸಿಸ್ ಮೇಲೆಯೇ. ಮೊದಲ ದಿನ ಎಲ್ಲ ಬರೆದುಕೊಳ್ಳುತ್ತೇನೆ, ಮೂರು ತಿಂಗಳಿಗೆ ಬನ್ನಿ ಅನ್ನುತ್ತೇನೆ. ಮೂರು ತಿಂಗಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅಥವಾ ಹೆಂಡತಿ ಎತ್ತಿ, "ಅವ್ರು ಪುಣಾಕ ದುಡಿಲಕ್ಕ ಹೋಗ್ಯಾರ್ರಿ" ಅನ್ನುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡವನು ಪುಣೆಯ ಕಟ್ಟಡದ ಕೆಲಸಕ್ಕೆ. ಒಬ್ಬರ ನಂಬರ್ ಅವರ ಮಗಳು ಎತ್ತಿದಳು, ಆರನೇ ಕ್ಲಾಸಿನ ದನಿ. "ಅಪ್ಪ ಇಲ್ರಿ" ಅಂದಳು. ಮನೆಯಲ್ಲಿಲ್ಲವೋ, ಇಲ್ಲವೇ ಇಲ್ಲವೋ ಕೇಳುವ ಧೈರ್ಯ ಬರಲಿಲ್ಲ. ನನ್ನ ಹಾಳೆಯಲ್ಲಿ ಆ ಸಾಲಿನ ಮುಂದೆ "ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಬರೆದಿದೆ.

ಬಿದ್ರಿ ಹೂಜಿ

ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ನೆ ಕುಂತೆ. ನಮ್ಮಲ್ಲಿ ದಾರಿ ಖರ್ಚು ಕೊಡ್ತಾರ, ಹಂಗಂತ ಮಂದಿ ತಿರುಗಿ ಬರ್ತಾರ. ನಿಮ್ಮ ಥೀಸಿಸ್ಸಿಗಿ ಯಾರು ಕೊಡ್ಬೇಕು.

ಗುಮ್ಮಟ ನೆರಳು

ನಡುವ ಒಂದು ಮಾತು. ನನಗ 2019ರಾಗ ಹೆಪಟೈಟಿಸ್ ಸಿ ಅಂತ ಗೊತ್ತಾತು, ರಕ್ತದಾನ ಮಾಡ್ಲಕ್ಕ ಹೋದಾಗ. 12 ವಾರ ಗುಳಿಗಿ, ಸರಕಾರಿ ದವಾಖಾನ್ಯಾಗ ಪುಕ್ಕಟ. ಈಗ ವೈರಸ್ ಇಲ್ಲ. ನಮ್ಮ ಡಾಕ್ಟರ್ ಹೇಳಿದ್ರು, ಅದೇ ಗುಳಿಗಿ ಅಮೆರಿಕಾದಾಗ ಸುರುವಿಗಿ ಒಂದಕ್ಕ ಸಾವಿರ ಡಾಲರ್ ಇತ್ತಂತ. ಆ ಗುಳಿಗಿನೂ ಮೊದ್ಲು ಯಾರೋ ನುಂಗಿ ನೋಡಿರ್ಬೇಕಲ್ಲ. ಅಷ್ಟೇ ಹೇಳ್ಬೇಕಿತ್ತು.

ಪಿಜಿ ಕೋಣೆ

ಹೌದು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ಸಿ ಇದ್ದ ನೂರರಲ್ಲಿ ತೊಂಬತ್ತೈದು ಮಂದಿ ಪೂರ್ತಿ ಗುಣವಾಗುತ್ತಾರೆ. ಫರ್ಸಿಕಲ್ಲು ಅವರೇ, ತಂದೆಯವರಿಗೆ ಬಿ, ಸಿ ಎರಡೂ ನೋಡಿದ್ದಾರೆ ತಾನೇ? ಸಕ್ಕರೆ ಇದೆ ಎಂದಾಕ್ಷಣ ಅದರ ಮೇಲೆ ಹಾಕಿ ಕೈತೊಳೆದುಕೊಳ್ಳುವುದೂ ಉಂಟು.

ಫರ್ಸಿಕಲ್ಲು (ಶಹಾಬಾದ)

ನೋಡ್ಯಾರ್ರಿ, ಎರಡೂ ಇಲ್ಲ. ಎಲ್ಲಾರಿಗೂ ಭಾಳ ಉಪಕಾರ ಆತು. ಸಿಟಿಆರ್‌ಐ ನಂಬರ್ ಅದ, ತೆಗೆದು ನೋಡಿದೆ, ಹೈದರಾಬಾದ ಹಿಡಿದು ಎಂಟು ಊರಾಗ ನಡದದ. ಒಂದೇ ಇನ್ನೊಂದು ಕೇಳ್ತೀನಿ. ನಮ್ಮವ್ವ ಬ್ಯಾಳಿ ಪೂರಾ ಬಂದ್ ಮಾಡ್ಯಾಳ. ಲಿವರ್ ಬ್ಯಾನಿಗಿ ಬ್ಯಾಳಿ, ತುಪ್ಪ, ಹಾಲು ಏನೂ ನಡ್ಯಂಗಿಲ್ಲ ಅಂತ ಯಾರೋ ಹೇಳ್ಯಾರಂತ. ಬರೇ ಗಂಜಿ, ಬೆಂದ ಅನ್ನ. ಅಪ್ಪನ ತೋಳು ನೋಡ್ಲಕ್ಕ ಆಗವಲ್ದು, ತೊಗಲು ಜೋತು ಬಿದ್ದದ.

ಪಿಜಿ ಕೋಣೆ

ತಾಯಿಯವರಿಗೆ ಕೈಮುಗಿದು ಹೇಳಿ: ಇವತ್ತೇ ಬೇಳೆ ಶುರು ಮಾಡಲಿ. ತೊಗರಿಗೆ ಹೆಸರಾದ ಜಿಲ್ಲೆಯಲ್ಲಿ ಕೂತು ಬೇಳೆ ಬಿಡಿಸುವ ಈ ಪಥ್ಯ ನೋಡಿ ನನಗೆ ಪ್ರತಿ ವಾರ ಹೊಟ್ಟೆ ಉರಿಯುತ್ತದೆ. ತಪ್ಪು ಅವರದಲ್ಲ, ಹಿಂದೆ ನಮ್ಮ ವೈದ್ಯರೇ ಹಾಗೆ ಬರೆದುಕೊಡುತ್ತಿದ್ದರು, ಪ್ರೋಟೀನ್ ಜಾಸ್ತಿಯಾದರೆ ಮಂಪರು ಬರುತ್ತದೆ ಎಂದು. ಮಂಪರು ಬಂದು ಮಲಗಿದ್ದವರ ಮೇಲೆಯೇ 2004ರಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಿದರು. ಪ್ರೋಟೀನ್ ಕಡಿತ ಮಾಡಿದವರು ಬೇಗ ಎಚ್ಚರಾಗಲಿಲ್ಲ, ಮೈಯ ಸ್ನಾಯು ಮಾತ್ರ ಹೆಚ್ಚು ಕರಗಿತು. ಈಗ ಹೇಳುವುದು ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. ಅರವತ್ತು ಕಿಲೋ ಇದ್ದರೆ 72ರಿಂದ 90 ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಸಿಗುತ್ತದೆ. ಬೇಳೆಯ ಪ್ರೋಟೀನು ಮಾಂಸದ್ದಕ್ಕಿಂತ ಇವರಿಗೆ ಚೆನ್ನಾಗಿ ಒಗ್ಗುತ್ತದೆ.

ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಲೇಬೇಕು. ಒಂದು ರಾತ್ರಿಯ ಉಪವಾಸ ಇವರ ಮೈಗೆ ಎರಡು-ಮೂರು ದಿನದ ಉಪವಾಸದ ಹಾಗೆ. ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ, ಹೊಟ್ಟೆಯ ನೀರು ಅಲ್ಲಿಂದ ಏರುತ್ತದೆ.

ಸುರಪುರ ಮಾಸ್ತರ

ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ! ಸಾವಿನ ಮಾತಿಗಿಂತ ಇದು ಕಠಿಣ.

ವಾಡಿ ಜಂಕ್ಷನ್

ಫರ್ಸಿಕಲ್ಲು ಅಣ್ಣಾ, ಹೋಗಿ ಬಂದು ಹೇಳ್ರಿ. ನಾ ಇನ್ನೂ ಬ್ಯಾಡ ಅಂತೀನಿ, ಆದ್ರ ಮೊದ್ಲಿನಷ್ಟು ಜೋರಾಗಿ ಅಲ್ಲ.

ಫರ್ಸಿಕಲ್ಲು (ಶಹಾಬಾದ)

ಹನ್ನೆರಡು ದಿನ ಆದಮ್ಯಾಲ ಬರೀಲಕ್ಕತ್ತೀನಿ, ಮಾಫ್ ಮಾಡ್ರಿ.

ಸೋಮವಾರ ನಸುಕಿನಾಗೇ ಹೊಂಟು ಹೋದಿವಿ. ಕೂಡ್ಸಿ ಮಾತಾಡಿದವ್ರು ಒಬ್ಬಾಕಿ ತೆಲುಗಿನ ಹುಡುಗಿ, ಕನ್ನಡ ತಿಳೀತದ, ಮಾತಾಡ್ಲಕ್ಕ ಹಿಂದಿ. ಅಪ್ಪ ಹಿಂದಿನಾಗೇ ನಡಿಸಿದ್ರು. ಬಿದ್ರಿ ಹೂಜಿ ಅಕ್ಕ ಹೇಳ್ದಂಗ ಚೀಟಿ ಅಂತ ನಾ ಮೊದ್ಲೇ ಹೇಳಿಟ್ಟಿದ್ದೆ. ಅಪ್ಪ ಅದರ ಬಗ್ಗೆ ಕೇಳಲೇ ಇಲ್ಲ. ಅವರಿಗಿ ಬ್ಯಾರೇದೇ ಚಿಂತಿ.

"ನಡುವ ಬಿಟ್ಟು ಹೋದಾಂವನ ಯಾವ ಖಾತ್ಯಾಗ ಬರಿತೀರಿ?" ಅಂದ್ರು.

ಆಕಿಗಿ ತಿಳೀಲಿಲ್ಲ. ಅಪ್ಪ ಬಿಡಿಸಿ ಹೇಳಿದ್ರು: ಖಣ್ಯಾಗ ಲಾರಿ ತುಂಬಿಸಿದ್ವಿ, ದಾರ್ಯಾಗ ಅರ್ಧ ಫರ್ಸಿ ಒಡದ್ವು. ಮಾಲಕ ಒಡದದ್ದನ್ನ ಲೆಕ್ಕದಾಗಿಂದ ತೆಗಿ ಅಂತಿದ್ದ, ಖಣಿ ಹೆಸರು ಛಲೋ ಕಾಣ್ತದ ಅಂತ. ನಾ ತೆಗೀತಿರ್ಲಿಲ್ಲ. ಲಾರಿಗಿ ಏರಿದ್ದು ಏರಿದ್ದೇ. ನೀವು ಹ್ಯಾಂಗ ಮಾಡ್ತೀರಿ? ಗುಳಿಗಿ ಪೂರಾ ನುಂಗಿದವ್ರನ್ನ ಅಷ್ಟೇ ಎಣಸ್ತೀರೋ, ಚೀಟ್ಯಾಗ ಬಂದವ್ರನ್ನ ಎಲ್ಲಾ ಎಣಸ್ತೀರೋ?

ಆ ಹುಡುಗಿ ಒಳಗ ಹೋಗಿ ಡಾಕ್ಟರನ್ನ ಕರ್ಕೊಂಡು ಬಂದ್ಳು. ಡಾಕ್ಟರು ಕುರ್ಚಿ ಎಳ್ಕೊಂಡು ಕುಂತು, "ಯಜಮಾನರೇ, ಚೀಟಿಯಲ್ಲಿ ಯಾವ ಗುಂಪಿಗೆ ಬಂದರೋ ಕೊನೆಯವರೆಗೆ ಅದೇ ಗುಂಪಿನಲ್ಲಿ ಎಣಿಸುತ್ತೇವೆ, ಬಿಟ್ಟು ಹೋದರೂ ಸರಿ, ತೀರಿಕೊಂಡರೂ ಸರಿ" ಅಂದ್ರು. ಅಪ್ಪ ನನ್ನ ಕಡಿ ನೋಡಿ, "ಹಾಕ್ತೀನಿ ತಮ್ಮಾ ಸಹಿ" ಅಂದ್ರು.

ಸಹಿ ಹಾಕಿದ್ರು. ಒಂದು ಪ್ರತಿ ನಮ್ಮ ಹಂತೇಲಿ ಅದ. ಆಮ್ಯಾಲ ರಕ್ತ ತಗೊಂಡ್ರು, ಸ್ಕ್ಯಾನ್ ಮಾಡಿದ್ರು. ಮೂರು ದಿನ ಆದಮ್ಯಾಲ ಫೋನ್ ಬಂತು. ಕ್ರಿಯಾಟಿನಿನ್ ಅವರ ಮಿತಿಗಿಂತ ಜಾಸ್ತಿ ಅದ, ಕಿಡ್ನಿ ಮ್ಯಾಲ ಭಾರ ಬಿದ್ದದ, ಪ್ರಯೋಗದಾಗ ತಗೊಳ್ಳಂಗಿಲ್ಲ ಅಂದ್ರು. ನೀರಿನ ಗುಳಿಗಿ ಕಮ್ಮಿ ಮಾಡಿ, ಒಂದು ವಾರ ಬಿಟ್ಟು ಮತ್ತ ರಕ್ತ ನೋಡ್ಸ್ರಿ ಅಂತ ಬರದು ಕೊಟ್ರು.

ಅಪ್ಪ ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಚಾ ಕುಡೀತಾ, "63 ವರ್ಷಕ್ಕ ಪರೀಕ್ಷಾ ಬರದು ಫೇಲ್ ಆದ್ನೇನೋ" ಅಂತ ನಕ್ಕರು.

ಬಿದ್ರಿ ಹೂಜಿ

ಅಪ್ಪಾರಿಗಿ ಹೇಳ್ರಿ, ಫೇಲ್ ಆದವ್ರ ಖಾತೆನೂ ಇರ್ತದ. ಎಷ್ಟು ಮಂದಿನ್ನ ನೋಡಿದ್ವಿ, ಎಷ್ಟು ಮಂದಿ ಯಾವ ಕಾರಣಕ್ಕ ಹೊರಗ ಉಳದ್ರು ಅಂತ ನಾವು ಬರಿಬೇಕು. ಪ್ರಬಂಧ ಅಚ್ಚಾದಾಗ ಮೊದಲನೇ ಚಿತ್ರದಾಗೇ ಆ ಡಬ್ಬಿ ಇರ್ತದ. ಹೆಸರು ಇರಂಗಿಲ್ಲ. ಆದ್ರ ಆ ಅಂಕಿ ಒಳಗ ಅವ್ರು ಒಬ್ರು.

ಪಿಜಿ ಕೋಣೆ

ಕ್ರಿಯಾಟಿನಿನ್ ಏರಿದ್ದು ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು. ನೋವಿನ ಗುಳಿಗೆ ಏನಾದರೂ ನುಂಗುತ್ತಿದ್ದರೆ ನಿಲ್ಲಿಸಿ, ಮೊಣಕಾಲಿಗೆ ಅಂತ ಅಂಗಡಿಯಲ್ಲಿ ತೆಗೆದುಕೊಳ್ಳುವುದನ್ನೂ ಸೇರಿಸಿ. ರಕ್ತಪರೀಕ್ಷೆ ತಪ್ಪಿಸಬೇಡಿ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಅದರಲ್ಲೇ ಗೊತ್ತಾಗುತ್ತದೆ.

ಫರ್ಸಿಕಲ್ಲು (ಶಹಾಬಾದ)

ಮೊಣಕಾಲಿನ ಗುಳಿಗಿ ನುಂಗ್ತಿದ್ರು, ಹೌದು. ದವಾಖಾನ್ಯಾಗ ಯಾರಿಗೂ ಹೇಳಿರ್ಲಿಲ್ಲ. ನಿಲ್ಸೀನಿ.

ತೂಕದ ಕೆಲಸ ಅಪ್ಪನೇ ಹಿಡದಾರ. ಖಣಿದು ಹಳೇ ಖಾತೆ ಬುಕ್ ಒಂದು ಖಾಲಿ ಉಳದಿತ್ತು, ಅದರಾಗ ನಾಕು ಗೆರಿ ಹೊಡದು ತಾರೀಖು, ತೂಕ, ಉಚ್ಚಿ, ರಾತ್ರಿ ಏನು ತಿಂದೆ ಅಂತ ಬರೀತಾರ. ನಿನ್ನಿದು 61 ಕಿಲೋ 800. ಇವತ್ತಿಂದು 61 ಕಿಲೋ 400. ರಾತ್ರಿದು: ಒಂದು ರೊಟ್ಟಿ, ಒಂದು ವಾಟಿ ಬ್ಯಾಳಿ. ಹಿಂಡಿ ಮುಂದ ಸೊನ್ನಿ ಹಾಕ್ಯಾರ, ಎರಡು ಸಲ ತಿದ್ದಿ.